ಹಲ್ಲಿ ಹುಡುಕಿದ ಚಳಿಗಾಲ

ಹೋದ ವಾರ ನನ್ನ ಚಿಕಿತ್ಸೆಯ ಹನ್ನೊಂದನೇ ಸಿಟ್ಟಿಂಗ್ ಮುಗಿಯಿತು. ಫೈಲಿನ ಮೇಲೆ ಕಾಯಿಲೆಯ ಹೆಸರು ‘ಎಫ್ 40.2, ಸ್ಪೆಸಿಫಿಕ್ ಫೋಬಿಯಾ’ ಅಂತ ಇದೆ. ಮನೆ ಮಾತಿನಲ್ಲಿ ಹೇಳಬೇಕೆಂದರೆ ಹಲ್ಲಿ ಭಯ. ನಗು ಬಂದರೆ ನಕ್ಕುಬಿಡಿ, ಪರವಾಗಿಲ್ಲ. ಇಪ್ಪತ್ತೈದು ವರ್ಷದಿಂದ ಎಲ್ಲರೂ ನಕ್ಕಿದ್ದಾರೆ. ನಾಯಿಗೋ, ಜಿರಲೆಗೋ, ಲಿಫ್ಟಿಗೋ ಹೀಗೇ ಹೆದರಿ ಯಾರ ಹತ್ತಿರವೂ ಹೇಳದೆ ಕೂತವರು ಇರ್ತಾರಲ್ಲ, ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಎಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯಿತು, ಎಷ್ಟು ದಿನ ಕಾದೆ ಅಂತ ಅವರಿಗಾದರೂ ಗೊತ್ತಿರಲಿ.

ಹೆದರಿಕೆ ಎಷ್ಟಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಮೈಸೂರಿಗೆ ಬಂದ ಮೇಲೆ ಎರಡು ಬಾಡಿಗೆ ಮನೆ ಬದಲಾಯಿಸಿದೆವು, ಎರಡೂ ಸಲ ಹಲ್ಲಿಗೋಸ್ಕರ. ಈಗಿರುವ ಮನೆಯ ಕಿಟಕಿ ಬಾಗಿಲಿಗೆಲ್ಲ ಜಾಲರಿ ಹಾಕಿಸಿದ್ದಕ್ಕೆ 18,000 ರೂಪಾಯಿ ಆಯಿತು. ಗೋಡೆ ಗೋಡೆಗೂ ನವಿಲುಗರಿ, ಷೆಲ್ಫಿನ ಮೇಲೆ ಮೊಟ್ಟೆ ಚಿಪ್ಪು, ಸಿಂಕಿನಲ್ಲಿ ನುಸಿಗುಳಿಗೆ. ರಾತ್ರಿ ಎಂಟರ ಮೇಲೆ ನಾನು ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ನಮ್ಮೆಜಮಾನರು ಮೊದಲು ಹೋಗಿ ಲೈಟು ಹಾಕಿ, ಗೋಡೆ ಎಲ್ಲ ನೋಡಿ, ‘ಇಲ್ಲ, ಬಾ’ ಅನ್ನಬೇಕು. ಆಮೇಲೇ ನಾನು. ಟವೆಲ್ ಮೂರು ಸಲ ಕೊಡವದೆ ಮೈಗೆ ಸುತ್ತಿಕೊಂಡ ನೆನಪೇ ಇಲ್ಲ.

ಶುರುವಾಗಿದ್ದು ನನಗೆ ಒಂಬತ್ತು ವರ್ಷ ಇದ್ದಾಗ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಜ್ಜಿ ಮನೆ. ಊಟಕ್ಕೆ ಕೂತಾಗ ಜಂತಿಯಿಂದ ಒಂದು ಹಲ್ಲಿ ನೇರವಾಗಿ ನನ್ನ ಲಂಗದ ಬೆನ್ನಿನೊಳಕ್ಕೆ ಬಿತ್ತು. ನಾನು ಕುಣಿದ ಕುಣಿತಕ್ಕೆ ಮಾವಂದಿರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದಾದ ಮೇಲೆ ಪಂಚಾಂಗ ತೆಗೆದು, ಬೆನ್ನಿನ ಮೇಲೆ ಬಿದ್ದರೆ ಏನು ಫಲ ಅಂತ ನೋಡಿದರು. ಫಲ ಏನಿತ್ತೋ ಮರೆತಿದೆ. ನಗು ಮರೆತಿಲ್ಲ.

ಇಷ್ಟೆಲ್ಲ ಇದ್ದರೂ ಚಿಕಿತ್ಸೆ ಅಂತ ಯೋಚನೆ ಬಂದಿರಲಿಲ್ಲ. ಕಳೆದ ಜುಲೈನಲ್ಲಿ ಒಂದು ದಿನ ಮೂರು ವರ್ಷದ ಮಗಳಿಗೆ ಸ್ನಾನ ಮಾಡಿಸುತ್ತಿದ್ದೆ. ತಲೆಗೆ ಸೋಪು ಹಾಕಿದ್ದೆ. ಗೀಸರ್ ಹಿಂದಿನಿಂದ ಬಾಲ ಕಾಣಿಸಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಇಷ್ಟೇ: ನಾನು ಹಾಲ್‌ನಲ್ಲಿ ನಿಂತಿದ್ದೇನೆ, ಬಚ್ಚಲುಮನೆ ಚಿಲಕ ಹೊರಗಿನಿಂದ ಹಾಕಿದೆ, ಮಗು ಒಳಗಿದೆ. ಕಣ್ಣಿಗೆ ಸೋಪು ಹೋಗಿ ಕಿರುಚುತ್ತಿದೆ. ಚಿಲಕ ತೆಗೆಯೋಕೆ ನನ್ನ ಕೈ ಬರುತ್ತಿಲ್ಲ. ಅತ್ತೆ ಓಡಿಬಂದು ತೆಗೆದರು. ಅವರು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅತ್ತೆ ಸೂಚಿಸಿದ ದಾರಿ ಕಂಚಿಗೆ ಹೋಗುವುದು. ವರದರಾಜ ಸ್ವಾಮಿ ದೇವಸ್ಥಾನದಲ್ಲಿ ಚಿನ್ನದ ಹಲ್ಲಿ ಮುಟ್ಟಿ ಬಂದರೆ ಹಲ್ಲಿ ದೋಷ ಇರುವುದಿಲ್ಲ ಅಂತ. ದೋಷ ಹೋಗಬಹುದು, ಭಯ ಹೋಗುತ್ತಾ ಅಂತ ನನಗೆ ಅನುಮಾನ. ಅಲ್ಲದೆ ಚಿನ್ನದ್ದಾದರೂ ಹಲ್ಲಿ ಹಲ್ಲಿಯೇ, ಆಗ ಅದನ್ನೂ ಮುಟ್ಟುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೊದಲು ಹೋದದ್ದು ತಪ್ಪು ಜಾಗಕ್ಕೆ. ಹೆಸರು ಬೇಡ. ‘ಥೆರಪಿಸ್ಟ್’ ಅಂತ ಬೋರ್ಡ್ ಇತ್ತು, ಆನ್‌ಲೈನ್‌ನಲ್ಲಿ ಒಳ್ಳೆ ರೇಟಿಂಗ್ ಇತ್ತು. ಕಣ್ಣು ಮುಚ್ಚಿ, ದೀರ್ಘ ಉಸಿರು ತಗೊಳ್ಳಿ, ನಿಮ್ಮ ಸುತ್ತ ಬೆಳಕಿನ ಗೋಡೆ ಇದೆ ಅಂದುಕೊಳ್ಳಿ ಎಂದರು. ಒಂದು ಸಲಕ್ಕೆ 1,500ರಂತೆ ನಾಲ್ಕು ಸಲ. ಮನಸ್ಸಿಗೆ ಹಾಯೆನಿಸಿದ್ದು ನಿಜ. ಮನೆಗೆ ಬಂದು ಹಲ್ಲಿ ಕಂಡ ಕೂಡಲೇ ಬೆಳಕಿನ ಗೋಡೆ ನನ್ನನ್ನು ಬಿಟ್ಟು ಮೊದಲೇ ಓಡಿಹೋಗುತ್ತಿತ್ತು. ನಾಲ್ಕನೇ ದಿನ ಧೈರ್ಯ ಮಾಡಿ, ‘ನೀವು ಏನು ಓದಿದ್ದೀರಿ?’ ಅಂತ ಕೇಳಿದೆ. ಮೂರು ವಾರಾಂತ್ಯದ ಕೋರ್ಸ್. 6,000 ರೂಪಾಯಿಗೆ ಕಲಿತ ಪಾಠ: ಈ ಪ್ರಶ್ನೆ ಮೊದಲ ದಿನವೇ ಕೇಳಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿದರೆ ಬೇಜಾರು ಮಾಡಿಕೊಳ್ಳದೆ ಕೊಡುತ್ತಾರೆ. ಬೇಜಾರು ಮಾಡಿಕೊಂಡರೆ ಎದ್ದು ಬನ್ನಿ.

ಆಮೇಲೆ ಒಂದು ರಾತ್ರಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಸಹಾಯವಾಣಿ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಲ್ಲಿ ಅಂದರೆ ನಗ್ತಾರೇನೋ ಅಂತ ಎರಡು ಸಲ ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೆ. ಆ ಕಡೆಯ ಹೆಣ್ಣುಮಗಳು ನಗಲಿಲ್ಲ. ‘ಎಷ್ಟು ವರ್ಷದಿಂದ ಇದೆ? ಇದರಿಂದ ಯಾವ್ಯಾವ ಕೆಲಸ ನಿಂತಿದೆ?’ ಅಂತ ಕೇಳಿದರು. ಮೊದಲು ಮನೋವೈದ್ಯರನ್ನು ನೋಡಿ, ಜಿಲ್ಲಾಸ್ಪತ್ರೆಯಲ್ಲೂ ಇರುತ್ತಾರೆ ಎಂದರು. ತಾಲ್ಲೂಕು ಊರುಗಳಲ್ಲಿ ಇರುವವರು ‘ಮನೋಚೈತನ್ಯ’ ಕ್ಲಿನಿಕ್ ಬಗ್ಗೆ ವಿಚಾರಿಸಿ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಯೋಜನೆ ಅದು.

ನಾನು ನೋಡಿಸಿದ್ದು ಖಾಸಗಿಯಲ್ಲಿ, ಫೀಸು 700. ಡಾಕ್ಟರು ಹಲ್ಲಿ ಬಗ್ಗೆ ಕೇಳಿದ್ದಕ್ಕಿಂತ ಬೇರೆ ವಿಷಯ ಕೇಳಿದ್ದೇ ಜಾಸ್ತಿ. ನಿದ್ದೆ ಹೇಗಿದೆ, ಥೈರಾಯ್ಡ್ ಇದೆಯಾ, ಕೈ ಪದೇ ಪದೇ ತೊಳೀತೀರಾ, ಹಲ್ಲಿ ಇಲ್ಲದಾಗಲೂ ಎದೆ ಹೊಡೆದುಕೊಳ್ಳುತ್ತಾ. ಬೇರೆ ತೊಂದರೆ ಇದ್ದು ಅದು ಹಲ್ಲಿ ವೇಷದಲ್ಲಿ ಬಂದಿದೆಯಾ ಅಂತ ನೋಡಿಕೊಳ್ಳುವುದಂತೆ. ಕೊನೆಗೆ, ಇದಕ್ಕೆ ಮಾತ್ರೆ ಮುಖ್ಯವಲ್ಲ, ಎಕ್ಸ್‌ಪೋಶರ್ ಥೆರಪಿ, ಅಂದರೆ ಹೆದರುವುದರ ಎದುರು ಸ್ವಲ್ಪಸ್ವಲ್ಪವಾಗಿ ನಿಂತು ಅಭ್ಯಾಸ ಮಾಡುವ ಚಿಕಿತ್ಸೆ, ಮಾಡಿಸಿ ಅಂತ ಚೀಟಿ ಬರೆದುಕೊಟ್ಟರು. ಹೆದರಿಕೆಯಾದಾಗ ನುಂಗು ಅಂತ ನಮ್ಮ ಬೀದಿಯ ಡಾಕ್ಟರು ಹಿಂದೆ ಕೊಟ್ಟಿದ್ದ ಮಾತ್ರೆಯನ್ನು ಇವರಿಗೆ ತೋರಿಸಿದೆ. ಸಿಟ್ಟಿಂಗ್ ದಿನ ಅದು ಬೇಡ ಎಂದರು. ಮಾತ್ರೆ ನುಂಗಿ ಹಲ್ಲಿ ಎದುರು ನಿಂತರೆ ‘ನಾನು ಬಚಾವಾಗಿದ್ದು ಮಾತ್ರೆಯಿಂದ’ ಅಂತ ಮೈ ಕಲಿಯುತ್ತದಂತೆ. ನೀವು ದಿನಾ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದರೆ ದಯವಿಟ್ಟು ನೀವೇ ನಿಲ್ಲಿಸಬೇಡಿ, ಕೇಳಿ.

ಆ ಥೆರಪಿ ಮಾಡಿಸುವ ಸೈಕಾಲಜಿಸ್ಟ್ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮೂರು ವಾರದ ನಂತರ. ಆ ಮೂರು ವಾರ ಪಟ್ಟ ಪಾಡು ಬೇಡ. ಒಳಗೆ ಹೋದ ತಕ್ಷಣ ಡ್ರಾಯರ್‌ನಿಂದ ಹಲ್ಲಿ ತೆಗೆದು ಕೈಗೆ ಕೊಡ್ತಾರೆ ಅಂತಲೇ ನನ್ನ ಲೆಕ್ಕ. ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಚಪ್ಪಲಿ ಬಿಡದೆ ಕೂತಿದ್ದೆ. ಮೇಡಂ ಅದನ್ನು ನೋಡಿದರು, ಏನೂ ಅನ್ನಲಿಲ್ಲ.

ಮೊದಲ ಎರಡು ಸಿಟ್ಟಿಂಗ್‌ನಲ್ಲಿ ಹಲ್ಲಿಯ ಸುಳಿವೇ ಇಲ್ಲ. ಎರಡು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಹೇಳದೆ ಕೇಳದೆ ಏನೂ ಮಾಡುವುದಿಲ್ಲ, ನಾನು ಸಾಕು ಅಂದರೆ ನಿಲ್ಲಿಸುತ್ತೇವೆ ಅಂತ ಅದರಲ್ಲಿತ್ತು. ಆ ಸಾಲು ಓದಿ ನನಗೆ ಅಳು ಬಂತು. ನನ್ನ ಮದುವೆಯಲ್ಲಿ ಚಿಕ್ಕಪ್ಪನ ಮಗ ರಬ್ಬರ್ ಹಲ್ಲಿ ತಂದು ಹೆಗಲ ಮೇಲಿಟ್ಟು ‘ಹೀಗೆ ಮಾಡಿದ್ರೇನೇ ಭಯ ಹೋಗೋದು’ ಅಂದಿದ್ದ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ ಆ ಕಾಗದ ತೋರಿಸಬಹುದು.

ಮೇಡಂ ಒಂದು ಹಾಳೆಯಲ್ಲಿ ಚಕ್ರ ಬರೆದರು. ಹಲ್ಲಿ ಕಾಣುತ್ತೆ, ಓಡ್ತೀರಿ, ಓಡಿದ ಕೂಡಲೇ ಸಮಾಧಾನ ಆಗುತ್ತೆ. ಆ ಸಮಾಧಾನವೇ ಹಾಳು ಎಂದರು. ಓಡಿದ್ದರಿಂದಲೇ ಉಳಿದೆ ಅಂತ ತಲೆ ಬರೆದಿಟ್ಟುಕೊಳ್ಳುತ್ತದೆ. ನಿಂತಿದ್ದರೆ ಏನಾಗುತ್ತಿತ್ತು ಅಂತ ನೋಡುವ ಅವಕಾಶವೇ ಅದಕ್ಕೆ ಇಷ್ಟು ವರ್ಷ ಸಿಕ್ಕಿಲ್ಲ. ಓಡುವುದೊಂದೇ ಅಲ್ಲ, ನವಿಲುಗರಿ, ಮೊಟ್ಟೆ ಚಿಪ್ಪು, ಯಜಮಾನರ ‘ಇಲ್ಲ, ಬಾ’, ಟವೆಲ್ ಕೊಡವುವುದು, ಇವೆಲ್ಲ ಊರುಗೋಲುಗಳು. ಒಂದೊಂದಾಗಿ ಬಿಡಿಸಬೇಕು.

ಆಮೇಲೆ ಮೆಟ್ಟಿಲು. ಸೊನ್ನೆಯಿಂದ ನೂರರವರೆಗೆ ಭಯಕ್ಕೆ ಅಂಕ ಕೊಡಬೇಕು. ‘ಹಲ್ಲಿ’ ಅಂತ ಕಾಗದದ ಮೇಲೆ ಬರೆಯುವುದು 10. ಚಿತ್ರ ಬಿಡಿಸುವುದು 20. ಫೋನಿನಲ್ಲಿ ಲೊಚಗುಟ್ಟುವ ಸದ್ದು ಕೇಳುವುದು 30. ಫೋಟೋ 40, ವಿಡಿಯೊ 50. ರಬ್ಬರ್ ಹಲ್ಲಿ 60, ಚಿಕ್ಕಪ್ಪನ ಮಗನ ದಯೆಯಿಂದ. ನಿಜವಾದದ್ದನ್ನು ಹತ್ತು ಅಡಿ ದೂರದಿಂದ ನೋಡುವುದು 75, ರಾತ್ರಿ ಒಬ್ಬಳೇ ಅಡುಗೆಮನೆ 85, ಮುಟ್ಟುವುದು 100. ಮುಟ್ಟುವುದನ್ನು ನಾನು ಬರೆಯಲೇ ಇಲ್ಲ, ಮೇಡಂ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದುಕೊಂಡರು.

ಈ ಮೆಟ್ಟಿಲು ಹೊಸದಲ್ಲವಂತೆ. ಮೇರಿ ಕವರ್ ಜೋನ್ಸ್ ಅನ್ನುವಾಕೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತಾ, ಮೊಲವನ್ನು ದಿನದಿನಕ್ಕೂ ಹತ್ತಿರ ತಂದು ಭಯ ಬಿಡಿಸಿದ್ದನ್ನು 1924ರಲ್ಲೇ ಬರೆದಿದ್ದಾರೆ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಕ್ರಮ ಮಾಡಿದರು. ಅಂಕ ಕೊಡುವ ಪದ್ಧತಿಯೂ ಅವರದೇ. ಸ್ವೀಡನ್ನಿನ ಲಾರ್ಸ್ ಗೋರಾನ್ ಓಸ್ಟ್ ಎಂಬುವರು ಇಡೀ ಚಿಕಿತ್ಸೆಯನ್ನು ಮೂರು ಗಂಟೆಯ ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸುವ ವಿಧಾನವನ್ನು 1980ರ ದಶಕದಲ್ಲಿ ರೂಪಿಸಿದರು. ಅದನ್ನೂ ಮಾಡಬಹುದು, ಯಾವುದು ಬೇಕು ಅಂತ ಮೇಡಂ ಕೇಳಿದರು. ನಾನು ವಾರಕ್ಕೊಂದು ಅಂದೆ. ಮೂರು ಗಂಟೆ! ಒಳ್ಳೆ ಕಥೆ.

ಒಂದು ವಿಷಯ. ರಕ್ತ, ಇಂಜೆಕ್ಷನ್ ನೋಡಿದರೆ ತಲೆ ತಿರುಗಿ ಬೀಳುವವರ ದಾರಿ ಸ್ವಲ್ಪ ಬೇರೆ. ಅವರಿಗೆ ಬಿಪಿ ಇಳಿಯುತ್ತದೆ, ಹಾಗಾಗಿ ಕೈಕಾಲಿನ ಸ್ನಾಯು ಬಿಗಿ ಹಿಡಿಯುವುದನ್ನು ಮೊದಲು ಕಲಿಸುತ್ತಾರೆ. ನನ್ನ ಕಥೆ ಓದಿ ಅವರು ಸೀದಾ ಸೂಜಿ ನೋಡೋಕೆ ಹೋಗಬೇಡಿ.

ಕೆಳಗಿನ ಮೆಟ್ಟಿಲುಗಳು ಬೇಗ ಮುಗಿದವು. ಲೊಚಗುಟ್ಟುವ ಸದ್ದು ಹಾಕಿದಾಗ ಮಾತ್ರ ಒಂದು ತಮಾಷೆ. ನನಗೆ ಗೊತ್ತಿಲ್ಲದೆ ಬೆರಳು ಮೇಜನ್ನು ಕುಟ್ಟಿ, ಬಾಯಿ ‘ಕೃಷ್ಣ ಕೃಷ್ಣ’ ಅಂದಿತು. ನಮ್ಮ ಕಡೆ ಎಲ್ಲರೂ ಅನ್ನುವುದೇ. ‘ಇದೂ ಊರುಗೋಲಾ ಮೇಡಂ?’ ಅಂದೆ. ಅವರು ನಕ್ಕು, ‘ಅಭ್ಯಾಸಕ್ಕೆ ಅಂದರೆ ತೊಂದರೆಯಿಲ್ಲ. ಅನ್ನದೇ ಇದ್ದರೆ ಏನೋ ಆಗುತ್ತೆ ಅಂತ ಅಂದರೆ ಊರುಗೋಲು’ ಎಂದರು. ಮುಂದಿನ ಇಪ್ಪತ್ತು ಸಲ ಬಾಯಿ ಮುಚ್ಚಿಕೊಂಡು ಕೇಳಿದೆ.

ಪ್ರತಿ ಮೆಟ್ಟಿಲಿಗೂ ಮೊದಲು ಒಂದು ಚೀಟಿ ಬರೆಯಬೇಕು: ಏನಾಗುತ್ತೆ ಅಂತ ಅನ್ನಿಸುತ್ತಿದೆ? ಮುಗಿದ ಮೇಲೆ ಅದರ ಕೆಳಗೆ: ಏನಾಯಿತು? ನನ್ನ ಚೀಟಿಗಳಲ್ಲಿ ‘ಮುಖದ ಮೇಲೆ ಹಾರುತ್ತೆ’, ‘ಎದೆ ಒಡೆದು ಸಾಯ್ತೀನಿ’ ಅಂತೆಲ್ಲ ಇದೆ. ಕೆಳಗೆ ‘ಹಾರಲಿಲ್ಲ’, ‘ಕಾಫಿ ಕುಡಿದು ಮನೆಗೆ ಬಂದೆ’ ಅಂತಿದೆ. ಆರನೇ ಸಿಟ್ಟಿಂಗ್‌ನಲ್ಲಿ ರಬ್ಬರ್ ಹಲ್ಲಿಯನ್ನು ತೊಡೆಯ ಮೇಲಿಟ್ಟುಕೊಂಡು ನಲವತ್ತು ನಿಮಿಷ ಕೂತರೂ ಅಂಕ 65ರಿಂದ ಕೆಳಗೆ ಇಳಿಯಲೇ ಇಲ್ಲ. ಸೋತೆ ಅಂದುಕೊಂಡೆ. ದುಡ್ಡು ದಂಡ ಅಂತಲೂ ಅನ್ನಿಸಿತು. ಅಂಕ ಇಳಿಯಲೇಬೇಕು ಅಂತ ಇಲ್ಲ ಎಂದರು ಮೇಡಂ. 65 ಇಟ್ಟುಕೊಂಡೇ ಕೂತಿರಬಹುದು ಅಂತ ಗೊತ್ತಾಯಿತಲ್ಲ, ಇವತ್ತಿಗೆ ಅದು ಸಾಕು. ಅವತ್ತು ಅದು ಸಮಾಧಾನದ ಮಾತಿನ ಹಾಗೆ ಕೇಳಿಸಿತ್ತು. ಈಗ ನೋಡಿದರೆ ಇಡೀ ಚಿಕಿತ್ಸೆಯಲ್ಲಿ ಅದಕ್ಕಿಂತ ಉಪಯೋಗಕ್ಕೆ ಬಂದ ಮಾತು ಇನ್ನೊಂದಿಲ್ಲ.

ಮನೆಯಲ್ಲಿ ದಿನಾ ಅರ್ಧ ಗಂಟೆ ಹೋಂವರ್ಕ್. ಯಜಮಾನರಿಗೂ ಒಂದು ಹೋಂವರ್ಕ್ ಇತ್ತು: ಮುಂದೆ ಹೋಗಿ ನೋಡಬಾರದು, ‘ಇಲ್ಲ, ಬಾ’ ಅನ್ನಬಾರದು. ಪಾಪ, ಹತ್ತು ವರ್ಷದ ಅಭ್ಯಾಸ. ನಾನು ಅಡುಗೆಮನೆ ಬಾಗಿಲಲ್ಲಿ ನಡುಗುತ್ತಾ ನಿಂತರೆ ಅವರು ಸೋಫಾದಲ್ಲಿ ಕೈ ಕಟ್ಟಿಕೊಂಡು ನಡುಗುತ್ತಿದ್ದರು.

ನಿಜವಾದ ಹಲ್ಲಿಯ ಮೆಟ್ಟಿಲು ಬಂದಿದ್ದು ಡಿಸೆಂಬರ್ ಕೊನೆಗೆ. ಕ್ಲಿನಿಕ್ಕಿನ ವರಾಂಡದ ಟ್ಯೂಬ್‌ಲೈಟ್ ಹತ್ತಿರ ಸಂಜೆ ಏಳಕ್ಕೆ ಮೂರ್ನಾಲ್ಕು ಬರುತ್ತವೆ, ಅದಕ್ಕೇ ಸಂಜೆ ಹೊತ್ತು ತೊಂಬತ್ತು ನಿಮಿಷದ ಸಿಟ್ಟಿಂಗ್ ಇಟ್ಟುಕೊಂಡೆವು. ಹೋದರೆ ಹಲ್ಲಿಯೇ ಇಲ್ಲ! ಚಳಿ. ಹುಳ ಬರುತ್ತಿಲ್ಲ, ಹಲ್ಲಿಯೂ ಗೋಡೆಯ ಬಿರುಕಿನಿಂದ ಆಚೆ ಬರುತ್ತಿಲ್ಲ. ಮೇಡಂ, ನಾನು, ವಾಚ್‌ಮನ್ ಮೂವರೂ ಮೊಬೈಲ್ ಟಾರ್ಚ್ ಹಿಡಿದು ಗೋಡೆ ಗೋಡೆ ಹುಡುಕಿದೆವು. ‘ಬೇಸಿಗೇಲಿ ಬನ್ನಿ ಅಕ್ಕ, ಬೇಕಾದಷ್ಟು ಇರ್ತವೆ’ ಅಂದ ವಾಚ್‌ಮನ್. ಜೀವಮಾನವಿಡೀ ಹಲ್ಲಿ ಇಲ್ಲದ ಜಾಗ ಹುಡುಕಿದವಳು ಹಲ್ಲಿ ಇರುವ ಜಾಗಕ್ಕೆ ಪರದಾಡಿದೆ. ಮನೆಯಲ್ಲಿ ಹುಡುಕೋಣವೆಂದರೆ 18,000ದ ಜಾಲರಿ. ಎರಡು ವಾರ ಹೀಗೇ ಹೋಯಿತು. ಆ ಎರಡು ವಾರ ಸುಮ್ನೆ ಕೂತಿದ್ದಕ್ಕೋ ಏನೋ, ವಿಡಿಯೊದ ಅಂಕ ಮತ್ತೆ 20ರಿಂದ 45ಕ್ಕೆ ಏರಿತು. ಹೀಗೆ ಏರುವುದು ಮಾಮೂಲಂತೆ, ಎರಡನೇ ಸಲ ಇಳಿಯುವುದು ಬೇಗ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಮೀಟರ್ ಬೋರ್ಡ್ ಪಕ್ಕದಲ್ಲಿ ಒಂದು ಕಂಡಿತು. ಹತ್ತು ಅಡಿ. ಅಂಕ 90. ಕಾಲು ತಾನಾಗಿ ಹಿಂದಕ್ಕೆ ಹೋಯಿತು. ‘ಓಡಬೇಡಿ, ಹತ್ತಿರವೂ ಹೋಗಬೇಡಿ. ಏನು ಕಾಣ್ತಿದೆ ಹೇಳಿ’ ಎಂದರು ಮೇಡಂ. ‘ಅಸಹ್ಯ’ ಅಂದೆ. ‘ಅದು ನಿಮಗೆ ಅನ್ನಿಸೋದು. ಕಾಣೋದು ಏನು?’ ನೋಡಿದೆ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಹಲ್ಲಿಯನ್ನು ನೋಡಿದೆ. ಇಲ್ಲಿಯವರೆಗೆ ಬರೀ ಬಾಲ ನೋಡಿ ಓಡಿದ್ದೆ. ಗಂಟಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಬೆರಳ ತುದಿ ಒಂದೊಂದೂ ಸಣ್ಣ ಚಮಚದ ಹಾಗೆ ಅಗಲ. ಐದಡಿಗೆ ಬಂದಾಗ ಹೊಟ್ಟೆ ಕಂಡಿತು. ಚರ್ಮ ಎಷ್ಟು ತೆಳು ಅಂದರೆ ಒಳಗೆ ಎರಡು ಬಿಳಿ ಮೊಟ್ಟೆ ಅಕ್ಕಪಕ್ಕ ಕಾಣುತ್ತಿದ್ದವು. ಬಸುರಿ. ‘ಅಯ್ಯೋ’ ಅಂದೆ. ಅದು ಭಯದ ಅಯ್ಯೋ ಅಲ್ಲ ಅಂತ ಮೇಡಮ್‌ಗೂ ಗೊತ್ತಾಯಿತು. ಅಂಕ ಕೇಳಲಿಲ್ಲ.

ಮುಟ್ಟಿದ್ದು ಹತ್ತನೇ ಸಿಟ್ಟಿಂಗ್‌ನಲ್ಲಿ, ಬೇರೊಂದು ಹಲ್ಲಿಯನ್ನು. ಮೂರು ಸಲ ಕೈ ಅರ್ಧಕ್ಕೇ ವಾಪಸ್ ಬಂತು. ನಾಲ್ಕನೇ ಸಲ ಬೆರಳು ಬೆನ್ನಿಗೆ ತಾಗಿತು, ಒಂದು ಸೆಕೆಂಡ್. ಚಳಿಗೆ ಅದಕ್ಕೂ ಓಡುವ ಉಮೇದು ಇರಲಿಲ್ಲ. ಲೋಳೆ ಲೋಳೆ ಇರುತ್ತೆ ಅಂತ ನನ್ನ ಚೀಟಿಯಲ್ಲಿ ಬರೆದಿದ್ದೆ. ಇರಲಿಲ್ಲ. ಒಣಗಿ, ತಣ್ಣಗೆ, ಹಳೇ ಪರ್ಸಿನ ಒಳಮಗ್ಗುಲಿನ ಹಾಗೆ ಮೆತ್ತಗಿತ್ತು. ಆಮೇಲೆ ಸೋಪು ಹಾಕಿ ಕೈ ತೊಳೆದೆ. ಅದು ಊರುಗೋಲಲ್ಲ, ಶುಚಿ. ಹಲ್ಲಿಗೆ ವಿಷ ಇಲ್ಲ, ಆದರೆ ಅದರ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು, ಅನ್ನದಲ್ಲಿ ಬಿದ್ದರೆ ಚೆಲ್ಲುವುದೇ ಸರಿ ಅಂತ ಮೇಡಮ್ಮೇ ಹೇಳಿದ್ದರು. ಅವರು ಸುಳ್ಳು ಧೈರ್ಯ ತುಂಬಲಿಲ್ಲ ಅನ್ನುವುದು ನನಗೆ ಹಿಡಿಸಿತು.

ಈಗ ದುಡ್ಡಿನ ಮಾತು. 1,200ರ ಸಿಟ್ಟಿಂಗ್ ಎಂಟು, 2,000ದ ಉದ್ದ ಸಿಟ್ಟಿಂಗ್ ಮೂರು, ಮನೋವೈದ್ಯರ ಫೀಸು 700. ಒಟ್ಟು 16,300. ಆಟೋ ಬೇರೆ, ಮೊದಲು ಕಳೆದ 6,000 ಬೇರೆ. ಹಲ್ಲಿ ಹುಡುಕಿದ ಸಂಜೆಗಳಿಗೆ ಮೇಡಂ ದುಡ್ಡು ತಗೊಳ್ಳಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ಮೈಯ ಕಾಯಿಲೆಗೆ ಕೊಡುವ ಹಾಗೇ ಮನಸ್ಸಿನ ಕಾಯಿಲೆಗೂ ಕೊಡಬೇಕು ಅಂತ ಓದಿ, ಬಿಲ್ಲು, ಡಾಕ್ಟರ ಚೀಟಿ, ಸೈಕಾಲಜಿಸ್ಟ್ ವರದಿ ಎಲ್ಲ ಸೇರಿಸಿ ಕಳಿಸಿದೆ. ಇಪ್ಪತ್ತು ದಿನ ಬಿಟ್ಟು ವಾಪಸ್ ಬಂತು: ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ಖರ್ಚು ಸೇರಿಲ್ಲ. ಜ್ವರಕ್ಕೆ ತೋರಿಸಿದರೂ ಕೊಡಲ್ಲ, ಹಲ್ಲಿಗೆ ತೋರಿಸಿದರೂ ಕೊಡಲ್ಲ. ಅಷ್ಟರಮಟ್ಟಿಗೆ ಸಮಾನತೆ ಇದೆ. ಕಳಿಸುವ ಮೊದಲು ನಿಮ್ಮ ಪಾಲಿಸಿಯಲ್ಲಿ ಒಪಿಡಿ ಇದೆಯಾ ನೋಡಿಕೊಳ್ಳಿ. ಆಫೀಸಿಗೆ ಅರ್ಧ ದಿನದ ರಜೆಗೆ ಪತ್ರ ಬೇಕಿದ್ದರೆ, ಕಾಯಿಲೆ ಹೆಸರಿಲ್ಲದೆ ‘ಇಷ್ಟರಿಂದ ಇಷ್ಟು ಗಂಟೆಯವರೆಗೆ ಚಿಕಿತ್ಸೆಗೆ ಬಂದಿದ್ದರು’ ಅಂತಷ್ಟೇ ಬರೆಸಿಕೊಳ್ಳಿ. ಕೇಳಿದರೆ ಕೊಡುತ್ತಾರೆ. ನಾನು ಮೊದಲ ಸಲ ಕೇಳದೆ ಪೂರ್ತಿ ವರದಿ ಕೊಟ್ಟುಬಿಟ್ಟೆ, ಒಂದು ವಾರ ಆಫೀಸಿನಲ್ಲಿ ನನ್ನ ಹೆಸರೇ ಹಲ್ಲಿ ಮೇಡಂ ಆಗಿತ್ತು.

ಪೂರ್ತಿ ಹೋಯಿತಾ ಅಂದರೆ, ಇಲ್ಲ. ಮೊನ್ನೆ ಭಾನುವಾರ ಮಗಳ ತಲೆಗೆ ನೀರು ಹಾಕುವಾಗ ಅದೇ ಗೀಸರ್ ಹಿಂದಿನಿಂದ ಒಂದು ಇಣುಕಿತು. ಎದೆ ಧಸಕ್ಕೆಂದಿತು, ಅಂಕ 50 ಇತ್ತೇನೋ. ‘ಅಮ್ಮಾ, ಹಲ್ಲಿ’ ಅಂದಳು ಅವಳು, ನನ್ನ ಮುಖವನ್ನೇ ನೋಡುತ್ತಾ. ‘ಹೂಂ, ಹಲ್ಲಿ. ಕಣ್ಣು ಮುಚ್ಚಿಕೋ, ಸೋಪು ಹೋಗುತ್ತೆ’ ಅಂದೆ. ಕೈ ನಡುಗಿ ಅರ್ಧ ಚೊಂಬು ನೀರು ನನ್ನ ಮೇಲೇ ಬಿತ್ತು. ಸ್ನಾನ ಮುಗಿಯುವವರೆಗೂ ಅದು ಅಲ್ಲೇ ಇತ್ತು, ನಾವೂ ಅಲ್ಲೇ ಇದ್ದೆವು.

ಒಂದೇ ಜಾಗದಲ್ಲಿ ಅಭ್ಯಾಸ ಮಾಡಿದರೆ ಭಯ ಬೇರೆ ಜಾಗದಲ್ಲಿ ಹಾಗೇ ಕೂತಿರುತ್ತದೆ, ಅದಕ್ಕೆ ಬೇರೆ ಬೇರೆ ಕಡೆ ಹೋಗಿ ಅಂತ ಮೇಡಂ ಹೇಳಿದ್ದಾರೆ. ಏಪ್ರಿಲ್‌ನಲ್ಲಿ ಸಾಗರಕ್ಕೆ ಟ್ರೈನ್ ಟಿಕೆಟ್ ಮಾಡಿಸಿದ್ದೇನೆ. ಹತ್ತು ವರ್ಷದಿಂದ ಆ ಮನೆಯಲ್ಲಿ ನಾನು ರಾತ್ರಿ ಉಳಿದಿಲ್ಲ. ನಡುಮನೆಯಲ್ಲಿ, ಜಂತಿ ಕೆಳಗೇ ನನಗೆ ಹಾಸಿಗೆ ಹಾಕಬೇಕು ಅಂತ ಅಜ್ಜಿಗೆ ಫೋನ್ ಮಾಡಿ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ತಲೆ ಸರಿ ಇದ್ಯೇನೇ ನಿಂಗೆ?’ ಅಂದರು.